ಹೆಂಗಸರಿಗೆಂದು ಮಾಡಿದ ಗಿರಣಿ

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ರೈಲ್ವೆಯಲ್ಲಿ ವಡೋದರಾಕ್ಕೆ ವರ್ಗವಾಗಿ, ಧಾರವಾಡ ಬಿಟ್ಟು ಫತೇಗಂಜ್‌ನಲ್ಲಿ ಮನೆ ಮಾಡಿದ್ದೆವು. ನಾನು ಎಂಜಿನಿಯರಿಂಗ್ ಮುಗಿಸಿ ಅಲ್ಲಿಯೇ ಒಂದು ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದೆ. ಕರೆಂಟು ಇದ್ದೂ ಇಲ್ಲದಂತಿದ್ದ ಹಳ್ಳಿಗಳಿಗಾಗಿ ಪೆಡಲ್ ತುಳಿದು ಹಿಟ್ಟು ಬೀಸುವ ಗಿರಣಿ ಮಾಡುವುದು ನಮ್ಮ ಕೆಲಸ. ಆ ಗುಂಪಿನಲ್ಲಿ ಹೆಣ್ಣು ಅಂತ ಇದ್ದವಳು ನಾನೊಬ್ಬಳೇ.

ಮೊದಲ ಗಿರಣಿಯನ್ನು ಹಾಸ್ಟೆಲಿನ ಇಬ್ಬರು ಕಬಡ್ಡಿ ಆಟಗಾರರು ಸರದಿಯ ಮೇಲೆ ತುಳಿದರು. ಹಿಟ್ಟು ಸುರಿಯಿತು. ನಮ್ಮ ಪ್ರೊಫೆಸರು ಚಪ್ಪಾಳೆ ತಟ್ಟಿದರು.

"ಸರ್, ಹಳ್ಳಿಯಲ್ಲಿ ಇದನ್ನು ತುಳಿಯೋರು ಯಾರು?" ಎಂದು ಕೇಳಿದೆ.

"ಹೆಂಗಸರು. ಮಧ್ಯಾಹ್ನ ಖಾಲಿ ಕೂತಿರ್ತಾರಲ್ಲ."

ಖಾಲಿ! ಆ ಮಾತಿಗೆ ಸಿಟ್ಟು ನೆತ್ತಿಗೇರಿತು. ಮರುದಿನ ಅವ್ವನನ್ನೇ ಕರೆದುಕೊಂಡು ಹೋದೆ. ನೆರಿಗೆ ಎತ್ತಿ ಹಿಡಿದು ಸೀಟು ಹತ್ತುವಷ್ಟರಲ್ಲೇ ಅವಳಿಗೆ ಸಾಕಾಯಿತು. ಸ್ವಲ್ಪ ಹೊತ್ತು ತುಳಿದವಳು ಮೊಣಕಾಲು ಹಿಡಿದುಕೊಂಡು ನಿಲ್ಲಿಸಿಬಿಟ್ಟಳು.

"ಅಲ್ಲವಾ, ಮುಂಜಾನಿಂದ ನಿಂತು ದುಡೀತೀನಿ. ಕುಂತಾಗೂ ದುಡೀಲಿ ಅಂತ ಇದನ್ನ ಮಾಡೀರೇನು?"

ಅದನ್ನು ಹಿಂದಿಯಲ್ಲಿ ಪ್ರೊಫೆಸರಿಗೆ ಹೇಳಿದೆ. ಅವರು ನಕ್ಕರು. "ಮಮ್ಮಿಗೆ ವ್ಯಾಯಾಮ ಸಾಲದು."

ಆ ಸಿಟ್ಟಿನಲ್ಲೇ ತಿಂಗಳುಗಟ್ಟಲೆ ದುಡಿದೆ. ಪೆಡಲಿನ ದೊಡ್ಡ ಹಲ್ಲುಚಕ್ರ ತೆಗೆಸಿ ಚಿಕ್ಕದು ಹಾಕಿಸಿದೆ. ಸೀಟು ತಗ್ಗಿಸಿದೆ. ಸೀರೆ ಸಿಕ್ಕದ ಹಾಗೆ ಚೈನಿಗೆ ತಗಡಿನ ಕವರು ಕೂರಿಸಿದೆ. ಈ ಸಲ ಅವ್ವ ಹರಟೆ ಹೊಡೆಯುತ್ತಲೇ ತುಳಿದಳು. ಹಿಟ್ಟು ಮಾತ್ರ ಮೊದಲಿನಷ್ಟು ಬೀಳಲಿಲ್ಲ.

"ಇಷ್ಟೇ ಹಿಟ್ಟು ತೋರಿಸಿದರೆ ಅನುದಾನ ಯಾರು ಕೊಡ್ತಾರೆ?" ಎಂದು ಪ್ರೊಫೆಸರು ಗೊಣಗಿದರು. ಆದರೂ ಬೇಡ ಅನ್ನಲಿಲ್ಲ. ಒಪ್ಪಿದರೆಂದೇ ನಾನು ತಿಳಿದೆ.

ಅನುದಾನ ಕೊಡುವವರ ಮುಂದೆ ಪ್ರದರ್ಶನ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿದ್ದ ಒಂದು ಸಭಾಂಗಣದಲ್ಲಿ. ಬಡ ದೇಶಗಳ ಜನ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಬೇಕು ಎಂದು ಬೆಳಿಗ್ಗೆಯೆಲ್ಲ ಭಾಷಣ. ಭಾಷಣಕಾರರ ಕಾರುಗಳು ಗೇಟಿನಾಚೆಗೂ ನಿಂತಿದ್ದವು. ಆಮೇಲೆ ನಮ್ಮ ಗಿರಣಿಯ ಸರದಿ. "ಸೀರೆ ಉಟ್ಟುಕೊಂಡು ನೀನೇ ತುಳಿ, ಫೋಟೋ ಚೆನ್ನಾಗಿ ಬರುತ್ತೆ" ಎಂದಿದ್ದರು ಪ್ರೊಫೆಸರು. ನಾನು ಮಾಡಿದ್ದು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಒಪ್ಪಿದ್ದೆ.

ಗಿರಣಿಗೆ ಬಣ್ಣದ ಬಟ್ಟೆ ಸುತ್ತಿ ಸಿಂಗರಿಸಿದ್ದರು. ಹತ್ತಿ ಪೆಡಲ್ ಒತ್ತಿದಾಗಲೇ ಗೊತ್ತಾದದ್ದು, ದೊಡ್ಡ ಚಕ್ರವನ್ನು ಮತ್ತೆ ಹಾಕಿದ್ದಾರೆ ಎಂದು. ಕವರೂ ಇರಲಿಲ್ಲ. ಸೀರೆಯ ಅಂಚು ಚೈನಿಗೆ ಸಿಕ್ಕಿ ಪರ್‍ರನೆ ಹರಿಯಿತು. ಮುಂದಿನ ಸಾಲಿನವರು ನಕ್ಕರು. ಪ್ರೊಫೆಸರೂ ನಕ್ಕರು.

ಹರಿದ ಸೀರೆಯಲ್ಲೇ ಇಳಿದು ನಿಂತು ಹೇಳಿದೆ: "ಹೆಂಗಸರು ತುಳಿಯಬಹುದಾದ ಗಿರಣಿ ನಮ್ಮ ಹತ್ತಿರ ಇತ್ತು. ನಿಮಗೆ ಹೆಚ್ಚು ಹಿಟ್ಟು ತೋರಿಸೋದಕ್ಕೆ ಅದನ್ನ ಬಿಚ್ಚಿ ಹಾಕಿದ್ದಾರೆ."

"ಪಾಪ, ಸುಸ್ತಾಗಿದ್ದಾಳೆ," ಎಂದು ಪ್ರೊಫೆಸರು ಕಬಡ್ಡಿಯವನೊಬ್ಬನನ್ನು ಹತ್ತಿಸಿದರು. ಹಿಟ್ಟು ಸುರಿಯಿತು. ಅನುದಾನವೂ ಬಂತು. ಮುಂದಿನ ವಾರವೇ ನನ್ನನ್ನು ಗುಂಪಿನಿಂದ ತೆಗೆದರು.

"ದೊಡ್ಡವರ ಮುಂದ ಹಿಂಗ ಬಾಯಿ ಮಾಡಿದ್ರ ಹೆಂಗವಾ?" ಎಂದು ಅಪ್ಪ ರೇಗಿದರು.

ಅವ್ವ ಒಳಗಿನಿಂದಲೇ ಅಂದಳು: "ಇನ್ನೂ ಜೋರಲೇ ಅನ್ನಬೇಕಿತ್ತು."

ಡಾಕ್ಟರೇಟು ಅಲ್ಲಿಗೇ ನಿಂತಿತು. ಸೂರತ್ತಿನ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಅಡಾಜಣ್‌ನಲ್ಲಿ ಬಾಡಿಗೆಗೆ ಒಂದು ಕೋಣೆ ಮಾಡಿಕೊಂಡೆ. ಒಮ್ಮೆ ಕೆಲಸದ ಮೇಲೆ ಹತ್ತಿರದ ಹಳ್ಳಿಗೆ ಹೋದಾಗ ಪಂಚಾಯಿತಿಯ ಜಗಲಿಯಲ್ಲಿ, ಆ ಅನುದಾನದಲ್ಲಿ ಹಂಚಿದ್ದ ಅದೇ ದೊಡ್ಡ ಚಕ್ರದ ಗಿರಣಿ ಕಂಡಿತು. ಹೊಸದಾಗಿಯೇ ಇತ್ತು. ಕಲ್ಲಿಗೆ ಹಿಟ್ಟೇ ಅಂಟಿರಲಿಲ್ಲ.

"ಯಾರೂ ಬಳಸೋದಿಲ್ಲವಾ?" ಎಂದು ಸರಪಂಚನನ್ನು ಕೇಳಿದೆ.

"ನಮ್ಮ ಹೆಂಗಸರಿಗೆ ಮೈಗಳ್ಳತನ, ಅಕ್ಕಾ," ಎಂದು ಆತ ಹಲ್ಲು ಕಿರಿದ.

"ನೀವು ಹತ್ತಿ."

ತಮಾಷೆ ಎಂದುಕೊಂಡು ನಕ್ಕ. ನಾನು ನಗಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಸುತ್ತ ನಿಂತಿದ್ದವರು ನೋಡುತ್ತಿದ್ದರು. ಕೊನೆಗೆ ಧೋತರ ಮೇಲೆತ್ತಿ ಹತ್ತಿದ. ಯಾರೋ ಒಂದಿಷ್ಟು ಗೋಧಿ ತಂದು ಗಿರಣಿಗೆ ಸುರಿದರು. ಒಂದಿಷ್ಟು ತುಳಿಯುವಷ್ಟರಲ್ಲಿ ಹಣೆಯಲ್ಲಿ ಬೆವರು.

"ಬಹು ಭಾರೆ ಛೆ, ಬೆನ್," ತುಂಬ ಭಾರ ಅಕ್ಕಾ, ಎಂದ ಏದುಸಿರು ಬಿಡುತ್ತ.

"ಇಳೀಬೇಡಿ. ಇನ್ನೂ ಒಂದು ಮುಷ್ಟಿ ಹಿಟ್ಟೂ ಆಗಿಲ್ಲ," ಎಂದೆ.