ಮದ್ದು ತೂಗುವ ಕಜೆತಾನರ ಕೈ

ಅಬುಧಾಬಿಯ ಹೊರವಲಯದ ಶೂಟಿಂಗ್ ಕ್ಲಬ್ಬಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮರಳ ಮೇಲೆ ಗಾಳಿ ಏಳುವ ಮೊದಲೇ ರೈಫಲ್ ಅಭ್ಯಾಸ ಮುಗಿಯಬೇಕು. ಹಿಂಬದಿಯ ಪುಟ್ಟ ಕೋಣೆಯಲ್ಲಿ ಕಜೆತಾನ್ ಮಥಾಯಸ್ ಹೆಗಲಿಗೊಂದು ಬೈರಾಸು ಹಾಕಿಕೊಂಡು, ಚಿಟಿಕೆ ಸಿಡಿಮದ್ದನ್ನು ತಕ್ಕಡಿಗೆ ಉದುರಿಸುತ್ತಾರೆ. ಮುಳ್ಳು ನಿಲ್ಲುವವರೆಗೆ ಉಸಿರೂ ಬಿಡುವುದಿಲ್ಲ. ಹಣೆಯಿಂದ ಬೆವರು ಇಳಿಯುತ್ತಿದೆ. ತಲೆಯ ಮೇಲೆಯೇ ಏಸಿ ಉಂಟು, ಆದರೆ ಅದರ ಮುಖ ಗೋಡೆಯ ಕಡೆಗೆ! ಗಲ್ಫಿನಲ್ಲಿ ಏಸಿಗೆ ಬೆನ್ನು ಹಾಕಿ ಕೂರುವ ಮನುಷ್ಯನನ್ನು ನೀವು ಇನ್ನೆಲ್ಲೂ ಕಾಣಲಿಕ್ಕಿಲ್ಲ.

ಶಿರ್ವದ ಕಜೆತಾನ್ ದುಬೈಗೆ ಬಂದದ್ದು ಗಡಿಯಾರ ರಿಪೇರಿಗೆ. ಕರಾಮದ ಅಂಗಡಿಯೊಂದರ ಮೂಲೆಯಲ್ಲಿ ವರ್ಷಗಟ್ಟಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು. ಜನ ಮೊಬೈಲಿನಲ್ಲೇ ಸಮಯ ನೋಡಲು ಕಲಿತ ಮೇಲೆ ಅಂಗಡಿ ಖಲಾಸ್. ಅವರ ಕೈಚಳಕ ಕಂಡಿದ್ದ ಗಿರಾಕಿಯೊಬ್ಬರು ಈ ಕ್ಲಬ್ಬಿಗೆ ಕರೆತಂದರು. ಸ್ಪರ್ಧೆಗೆ ಅಭ್ಯಾಸ ಮಾಡುವವರ ಖಾಲಿ ಹಿತ್ತಾಳೆ ಕಾಡತೂಸುಗಳನ್ನು ತೊಳೆದು, ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿ ಕೊಡುವುದು ಕೆಲಸ. ಪರವಾನಗಿಯ ಕೋಣೆ, ಒಂದೇ ಕೀಲಿಕೈ, ಅದು ಅವರ ಸೊಂಟದಲ್ಲಿ. ಪದಕ ಗೆದ್ದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಕಾಡತೂಸು ತುಂಬಿದವರ ಫೋಟೊ ಎಲ್ಲಿ ಬರುತ್ತದೆ ಹೇಳಿ.

ಆ ಕೀಲಿಕೈ ಕಳೆದ ಬೇಸಿಗೆಯಲ್ಲಿ, ಅಂದರೆ 2014ರಲ್ಲಿ, ಕೈತಪ್ಪಿ ಹೋಗುವುದರಲ್ಲಿತ್ತು. ಒಂದೇ ಕಡೆ ನಾಟುತ್ತಿದ್ದ ಗುಂಡುಗಳು ಇದ್ದಕ್ಕಿದ್ದಂತೆ ಗುರಿಹಲಗೆಯಲ್ಲಿ ಮೇಲೊಂದು, ಕೆಳಗೊಂದು ಬೀಳತೊಡಗಿದವು. ರೈಫಲ್ ಬದಲಿಸಿ ನೋಡಿದರು, ಮದ್ದಿನ ಹೊಸ ಡಬ್ಬ ಒಡೆದರು, ಹಿತ್ತಾಳೆಗಳನ್ನು ಒಂದೊಂದಾಗಿ ಅಳೆದರು. ಊಹೂಂ. ಕಾರ್ಖಾನೆಯಿಂದ ಬಂದ ಕಾಡತೂಸು ಹಾಕಿದರೆ ಮಾತ್ರ ಗುರಿ ಸರಿ. ಅಲ್ಲಿಗೆ ಎಲ್ಲರ ಕಣ್ಣೂ ಕಜೆತಾನರ ಕೈಯ ಮೇಲೆ ಬಿತ್ತು.

ಮ್ಯಾನೇಜರ್ ಶಾಮಸುಂದರ ಒಳ್ಳೆಯ ಮನುಷ್ಯ, ಬೈಯಲಿಲ್ಲ. ತಿಂಗಳ ಕೊನೆಗೆ ಕೀಲಿಕೈ ಕೊಟ್ಟು ಸ್ಟೋರಿಗೆ ಬನ್ನಿ, ಅಲ್ಲಿ ಆರಾಮ ಎಂದರು. ಆ ‘ಆರಾಮ’ ಎಂಬ ಮಾತೇ ಕಜೆತಾನರ ಎದೆಗೆ ನಾಟಿತು. ಅವರ ತಂದೆ ಶಿರ್ವದಲ್ಲಿ ದರ್ಜಿ. ಇದೇ ಪ್ರಾಯದಲ್ಲಿ ಕೈ ನಡುಕ ಸುರುವಾಗಿ ಸೂಜಿಗೆ ದಾರ ಪೋಣಿಸಲಾರದೆ ಮೂಲೆ ಹಿಡಿದವರು. ತನಗೂ ಅದೇ ಬಂತೆಂದು ಕಜೆತಾನ್ ಒಳಗೊಳಗೇ ಕುಸಿದುಹೋದರು. ಚಹಾದ ಲೋಟ ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದರು. ಹೆಂಡತಿ ಸುಸನ್ ಆಸ್ಪತ್ರೆಯಲ್ಲಿ ನರ್ಸ್. ನಡುಕ ಇಲ್ಲವೆಂದು ಆಕೆ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಬುಧಾಬಿ ಪೇಟೆಯ ಟೂರಿಸ್ಟ್ ಕ್ಲಬ್ ಏರಿಯಾದ ಅವರ ಫ್ಲ್ಯಾಟಿನಲ್ಲಿ ದಿನಾ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅದಕ್ಕೆ ಮೊದಲು ಸುಸನ್ ತಪ್ಪದೆ ಏಸಿ ಆರಿಸುತ್ತಾರೆ. ಒಂದು ಸಂಜೆ ಆಕೆಗೆ ಡ್ಯೂಟಿ. ಒಬ್ಬರೇ ಮೊಣಕಾಲೂರಿದ ಕಜೆತಾನ್ ಏಸಿ ಆರಿಸಲು ಮರೆತರು. ಮೇಣದಬತ್ತಿಯ ಜ್ವಾಲೆ ನೆಟ್ಟಗೆ ನಿಂತಿತ್ತು. ಕೋಣೆ ತಂಪಾಗಿ ತಾನಾಗಿ ನಿಂತಿದ್ದ ಏಸಿ ಮತ್ತೆ ಬೀಸಲು ಸುರುಮಾಡಿದ್ದೇ ತಡ, ಜ್ವಾಲೆ ಅಡ್ಡಕ್ಕೆ ಮಲಗಿತು. ಗಾಳಿ ನಿಂತಾಗ ಮತ್ತೆ ಎದ್ದಿತು. ಅವರ ಬಾಯಲ್ಲಿ ಜಪ ಅಲ್ಲಿಗೇ ನಿಂತುಹೋಯಿತು.

ಬೇಸಿಗೆಯ ಸುರುವಿಗೆ ಅವರೇ ಏಸಿ ಮೆಕ್ಯಾನಿಕ್ ಪೂವಪ್ಪನಿಗೆ ಹೇಳಿದ್ದರಲ್ಲ, ಬೆವರು ಮದ್ದಿಗೆ ಬಿದ್ದೀತು, ಗಾಳಿ ಸ್ವಲ್ಪ ನನ್ನ ಮೇಜಿನ ಕಡೆಗೆ ತಿರುಗಿಸು ಎಂದು! ನಮ್ಮ ಊರಿನವರೆಂಬ ಪ್ರೀತಿಗೆ ಪೂವಪ್ಪ ಸರಿಯಾಗಿಯೇ ತಿರುಗಿಸಿದ್ದ. ಗಾಳಿ ನಿಂತಾಗ ಒಂದು ತೂಕ, ಬೀಸಿದಾಗ ಇನ್ನೊಂದು.

ಮರುದಿನ ಕಜೆತಾನ್ ತಕ್ಕಡಿಯ ಮೇಲೆ ಒಂದು ಎಳೆ ನೂಲು ಇಳಿಬಿಟ್ಟು, ಪೂವಪ್ಪನನ್ನು ಕರೆದು ತೋರಿಸಿದರು. ಏಸಿ ಬೀಸಿದಾಗಲೆಲ್ಲ ನೂಲು ಓಲಾಡುತ್ತಿತ್ತು. ಕ್ರೈಸ್ತರನ್ನು ಊರಲ್ಲಿ ಕರೆಯುವ ಹಾಗೆ ಪೂವಪ್ಪ ಅವರನ್ನು ಕರೆಯುವುದು ಪೊರ್ಬುಗಳೇ ಎಂದೇ.

“ನನ್ನಿಂದ ಎಂತ ಆಗಿಹೋಯ್ತು ಪೊರ್ಬುಗಳೇ,” ಎಂದವನ ಮುಖ ಬಾಡಿತ್ತು.

“ಕೇಳಿದ್ದು ನಾನು, ಮಾರಾಯ. ನೀನು ಈಗ ಅದನ್ನು ಆಚೆ ತಿರುಗಿಸು, ಯಲ್ಲಾ, ಬೇಗ.”

ಆ ವಾರ ತುಂಬಿದ ಕಾಡತೂಸುಗಳನ್ನು ಹಾರಿಸುವಾಗ ಕಜೆತಾನ್ ನೋಡಲು ಹೋಗಲಿಲ್ಲ, ಧೈರ್ಯ ಸಾಲಲಿಲ್ಲ. ಶಾಮಸುಂದರ ಗುರಿಯ ಹಾಳೆಯನ್ನೇ ಕೋಣೆಗೆ ತಂದರು. ತೂತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಕೀಲಿಕೈಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅವರು ಆಚೆ ಹೋದ ಮೇಲೆ ಕಜೆತಾನ್ ಮುಖಕ್ಕೆ ಬೈರಾಸು ಒತ್ತಿಕೊಂಡು ಅತ್ತುಬಿಟ್ಟರಂತೆ. ಹಗುರಾಯಿತು, ಎಷ್ಟು ಹಗುರಾಯಿತು ಎನ್ನುವಾಗ ಈಗಲೂ ಅವರ ಕಣ್ಣು ತುಂಬುತ್ತದೆ. ಅರ್ಧಕ್ಕೆ ಬಿಟ್ಟ ತೇರ್ಸನ್ನು ಸುಸನ್ ಮೊದಲಿಂದ ಹೇಳಿಸಿದ್ದು ಬೇರೆ ಮಾತು.

ಈ ಬೇಸಿಗೆಗೂ ಏಸಿ ಗೋಡೆಗೇ ಬೀಸುತ್ತಿದೆ. ಸೆಖೆ ಆಗುವುದಿಲ್ಲವೇ ಎಂದು ಕೇಳಿದರೆ ಕಜೆತಾನ್ ಬೈರಾಸಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. ಮತ್ತೆ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ತಾವೇ ಒಂದು ಗಳಿಗೆ ನೋಡುತ್ತಾರೆ.

“ಬೆವರುವುದಾದರೆ ಬೆವರಲಿ ಮಾರಾಯ್ರೆ. ಕೈ ಇನ್ನೂ ನನ್ನದೇ ಉಂಟಲ್ಲ.”