ಮೇವಿಸ್ ಬೆರಳೆತ್ತಿದರೆ ಹಾಡು ಶುರು

ಇಂಗ್ಲೆಂಡಿನ ಸಾಲ್ಫರ್ಡ್‌ನ ಈ ಬೀದಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಹಳೆಯ ಬಿಸ್ಕತ್ತು ಕಾರ್ಖಾನೆಯೊಳಗಿನ ಟೆಲಿವಿಷನ್ ಸ್ಟುಡಿಯೊದಲ್ಲಿ ಮೇವಿಸ್ ಕ್ರಾಂಪ್ಟನ್ ಕೋಟು ಕೂಡ ಬಿಚ್ಚದೆ ಗ್ರಾಮಫೋನ್ ರೆಕಾರ್ಡ್ ಒರೆಸುತ್ತಿದ್ದಾರೆ. ಕಸ ಗುಡಿಸುವವರು ಬಂದು ಧೂಳೆಬ್ಬಿಸುವ ಮೊದಲೇ ಈ ಕೆಲಸ ಮುಗಿಯಬೇಕು.

"ಒಂದು ಕಣ ಧೂಳು ಸಾಕು ಕಣ್ರೀ, ಬಾಣಲೇಲಿ ಬೇಕನ್ ಚಟಪಟ ಅಂದ ಹಾಗೆ ಕೇಳಿಸತ್ತೆ. ಮಕ್ಕಳ ಕಿವಿ ಬಲು ಚುರುಕು."

ಪ್ರತಿ ಗುರುವಾರ ಸಂಜೆ ಐದಕ್ಕೆ ಇಲ್ಲಿಂದ ಮಕ್ಕಳ ಕಾರ್ಯಕ್ರಮ. ಮಕ್ಕಳೆಲ್ಲ ಜಾಮ್ ಸವರಿದ ಬ್ರೆಡ್ಡು ಹಿಡಿದು ಟಿವಿ ಮುಂದೆ ಕೂರುತ್ತಾರೆ. ಮಾತಾಡುವ ಆಮೆ ಗೊಂಬೆ ಬರುತ್ತದೆ, ಕಾಗದದ ದೋಣಿ ಬರುತ್ತದೆ, ಕೊನೆಗೆ ಪಾಪ್ ಹಾಡಿನ ಹುಡುಗರು. ಪತ್ರಿಕೆಯಲ್ಲಿ ಗುಟ್ಟು ರಟ್ಟು ಮಾಡಿದ್ದಕ್ಕೆ ಈ ಮಕ್ಕಳ ಅಕ್ಕಂದಿರು ನನ್ನನ್ನು ಬೈದರೂ ಸರಿ, ಆ ಹುಡುಗರು ಹಾಡುವುದಿಲ್ಲ. ಗಿಟಾರಿನ ವೈರು ಯಾವುದಕ್ಕೂ ಜೋಡಿಸಿರುವುದಿಲ್ಲ, ಡ್ರಮ್ಮಿನೊಳಗೆ ಕಂಬಳಿ ತುರುಕಿರುತ್ತದೆ. ಹಾಡು ಬರುವುದು ಗಾಜಿನ ಹಿಂದೆ ಕೂತ ಮೇವಿಸ್ ಅವರ ರೆಕಾರ್ಡಿನಿಂದ. ಕೆಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ, ಮೇಲಿನ ರೆಕಾರ್ಡನ್ನು ಅವರು ಬೆರಳಲ್ಲಿ ಒತ್ತಿ ಹಿಡಿದಿರುತ್ತಾರೆ. ಸನ್ನೆ ಸಿಕ್ಕೊಡನೆ ಬೆರಳೆತ್ತುತ್ತಾರೆ.

"ಹುಡುಗರು ಬಾಯಾಡಿಸ್ತಾರೆ, ಹುಡುಗೀರು ಕಿರುಚ್ತಾರೆ. ನಂದೇನಿದೆ!"

ಯುದ್ಧದ ಕಾಲದಲ್ಲಿ ಪ್ಯಾರಾಶೂಟ್ ಹೊಲಿಯುತ್ತಿದ್ದವರು ಇವರು. ಆ ಕೈಯ ಹದ ನೋಡಿ ಯಾರೋ ಇಲ್ಲಿಗೆ ಕರೆತಂದರು. ಹತ್ತು ವರ್ಷವಾಯಿತು. ಚಳಿಗಾಲದಲ್ಲಿ ಬೆರಳು ಊದಿಕೊಳ್ಳುತ್ತವೆ, ಟೀ ಲೋಟ ಹಿಡಿದು ಬಿಸಿ ಮಾಡಿಕೊಳ್ಳುತ್ತಾರೆ. ಕಷ್ಟ ಅದಲ್ಲವಂತೆ. "ಮನೇಲಿ ನಮ್ಮ ಯಜಮಾನ್ರು ರೇಡಿಯೊ ಹಾಕಿದ್ರೂ ನನ್ನ ಕಿವಿ ಗೀರು ಎಲ್ಲಿದೆ ಅಂತಾನೇ ಹುಡುಕತ್ತೆ. ಯಾವ ಹಾಡು ಅಂತ ಕೇಳಿದ್ರೆ ದೇವರಾಣೆಗೂ ಗೊತ್ತಿರಲ್ಲ."

ಈ ಗುರುವಾರ ಬಂದವರು ಓಲ್ಡಮ್‌ನ ನಾಲ್ವರು ಹುಡುಗರು. ಟಿವಿಗೆ ಇದೇ ಮೊದಲು. ಅವರ ರೆಕಾರ್ಡ್ ಅಂಗಡಿಗೆ ಬರುವುದು ಮುಂದಿನ ತಿಂಗಳು. ಈಗ ಇರುವುದು ಮೆತ್ತನೆಯ ಮಾದರಿ ರೆಕಾರ್ಡ್ ಒಂದೇ ಒಂದು, ಮುಳ್ಳು ಓಡಿದಷ್ಟೂ ಸವೆಯುವಂಥದ್ದು. ದೀಪದ ಕೆಳಗೆ ಹಿಡಿದು ನೋಡಿದ ಮೇವಿಸ್ ಅವರ ಮುಖ ಸಪ್ಪಗಾಗುತ್ತದೆ.

"ಎಷ್ಟು ಸಲ ಹಾಕಿದ್ರೋ ಇದನ್ನ?"

ಹಾಡುಗಾರ ಕ್ಲೈವ್ ತಲೆ ಕೆರೆಯುತ್ತಾನೆ. "ಅಮ್ಮ ಕೇಳಿದ್ರು. ಆಮೇಲೆ ನೋರಾ ಆಂಟಿ. ಆಮೇಲೆ... ಬೀದಿಯವರೆಲ್ಲ ಬಂದ್ಬಿಟ್ರು, ಮಿಸೆಸ್ ಕ್ರಾಂಪ್ಟನ್."

"ಬೀದಿಗೆಲ್ಲ ಬಡಿಸಿ, ತಳ ಕೆರೆದಿದ್ದನ್ನ ನನಗೆ ತಂದಿದೀಯ!"

ನೇರ ಪ್ರಸಾರ, ಎಡವಿದರೆ ಇನ್ನೊಂದು ಅವಕಾಶವಿಲ್ಲ. ನಗೆಪಾಟಲಾದರೆ ಕ್ಲೈವ್‌ಗೆ ಮತ್ತೆ ಹತ್ತಿ ಗಿರಣಿಯೇ ಗತಿ. ಮೇವಿಸ್ ಅಭ್ಯಾಸಕ್ಕೆ ರೆಕಾರ್ಡ್ ಹಾಕಲು ಸುತರಾಂ ಒಪ್ಪುವುದಿಲ್ಲ. "ದೇವರು ಗಂಟಲು ಕೊಟ್ಟಿದಾನಲ್ಲ, ಅದರಲ್ಲೇ ಹಾಡ್ಕೊಳ್ಳಿ." ಇಡೀ ದಿನ ಹುಡುಗರು ಗೊಣಗುತ್ತಲೇ ಬಾಯಿಬಿಟ್ಟು ಹಾಡುತ್ತಾರೆ.

ಐದು ಗಂಟೆ. ಕಾರ್ಯಕ್ರಮ ಶುರು. ದೋಣಿ, ಆಮೆಯ ಹರಟೆ ಎಲ್ಲ ಮುಗಿದು ಹುಡುಗರ ಸರದಿ ಬರುತ್ತದೆ, ಮೇವಿಸ್ ಬೆರಳೆತ್ತುತ್ತಾರೆ. ಮೊದಲ ಚರಣ ಸಲೀಸು. ಎರಡನೆಯದರಲ್ಲಿ ಮುಳ್ಳು ಸಿಕ್ಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಪಾಪದ ಕ್ಲೈವ್ ಅದಕ್ಕೂ ನಿಯತ್ತಾಗಿ ಬಾಯಾಡಿಸುತ್ತಾನೆ. ಸ್ಟುಡಿಯೊದಲ್ಲಿದ್ದ ಮಕ್ಕಳು ಕಿಸಕ್ಕೆಂದು ನಗುತ್ತಾರೆ. ಮೇವಿಸ್ ಮುಳ್ಳನ್ನು ಎತ್ತಿಬಿಡುತ್ತಾರೆ. ಹಾಡು ನಿಲ್ಲುತ್ತದೆ. ಆಮೇಲೆ ಎದ್ದು ನಿಂತು, ಗಾಜಿನ ಹಿಂದಿನಿಂದ ಆಮೆಯ ಕಡೆ ಕೈ ತೋರಿಸುತ್ತಾರೆ.

ಆ ಹೊತ್ತಿಗೆ ಚಾಲೂ ಇರುವ ಮೈಕು ಆಮೆಯದೊಂದೇ! ಕ್ಲೈವ್‌ಗೆ ಹೊಳೆಯುತ್ತದೆ. ಓಡಿಹೋಗಿ ಆಮೆ ಕೂತ ಮೇಜಿನ ಮುಂದೆ ಮಂಡಿಯೂರಿ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಾಡು ಎತ್ತಿಕೊಳ್ಳುತ್ತಾನೆ. ಉಳಿದ ಮೂವರು ಹಿಂದೆಯೇ ಬಂದು ಕಾಲು ಕುಟ್ಟುತ್ತಾರೆ, ದನಿಗೂಡಿಸುತ್ತಾರೆ. ಆಮೆ ತಲೆದೂಗುತ್ತದೆ, ಮಕ್ಕಳ ಚಪ್ಪಾಳೆಗೆ ತಾರಸಿ ಹಾರುವುದೊಂದು ಬಾಕಿ. ಮೇವಿಸ್ ಖಾಲಿ ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದಾರೆ.

ಎಲ್ಲ ಮುಗಿದ ಮೇಲೆ ಕ್ಲೈವ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಲ್ಲುತ್ತಾನೆ. "ಹಾಡು ಹೇಗಿತ್ತು, ಮಿಸೆಸ್ ಕ್ರಾಂಪ್ಟನ್?"

"ಕೊನೆಯರ್ಧ ಭಾಳ ಚೆನ್ನಾಗಿದೆ ಮರಿ. ಮೊದಲರ್ಧ ಕೇಳಿಲ್ಲ, ಕೆಲಸದಲ್ಲಿದ್ದೆ." ಕೋಟಿನ ಗುಂಡಿ ಹಾಕುತ್ತ ಮತ್ತೆ ಹೇಳುತ್ತಾರೆ: "ರೆಕಾರ್ಡ್ ಬಂದ ಮೇಲೆ ಒಂದು ತಂದುಕೊಡು. ಒಂದು ಸಲ ಪೂರ್ತಿ ಕೇಳ್ತೀನಿ. ಆದ್ರೆ ನೋಡು, ಯಾವ ಆಂಟಿ ಮನೆಗೂ ಹೋಗದೆ ನೆಟ್ಟಗೆ ನನ್ನ ಹತ್ರ ಬಾ."