ಹೆಂಗಸರ ಗೇಟಿನ ಪಟಾಲಮ್ಮನವರು

ಯಶವಂತಪುರದ ಶ್ರೀ ಗವಿರಂಗ ಟಾಕೀಸಿನ ಚರಿತ್ರೆಯನ್ನು ಬರೆಯುವವರು ಯಾರೇ ಆಗಲಿ, ಹೆಂಗಸರ ಗೇಟಿನಿಂದಲೇ ಒಳಗೆ ಬರಬೇಕೆಂಬುದು ಅಲ್ಲಿ ಹದಿನೇಳು ವರ್ಷದಿಂದ ಮ್ಯಾನೇಜರನಾಗಿರುವ ನನ್ನ ಖಚಿತ ಅಭಿಪ್ರಾಯ. ಈ ಲೇಖನದಲ್ಲಿ ನನಗೆ ಖಚಿತವಾಗಿರುವುದು ಅದೊಂದೇ. ೧೯೫೨ರಲ್ಲಿ ಡೇರೆಯೊಳಗೆ ಆರಂಭವಾದಂದಿನಿಂದ, ತಗಡಿನ ಸೂರು ಬಂದು, ಬೆಂಚು ಹೋಗಿ ಕುರ್ಚಿ ಬಂದ ಮೇಲೂ, ಈ ೧೯೬೯ರಲ್ಲಿ ನಿವೃತ್ತರಾಗುವವರೆಗೆ ಆ ಗೇಟನ್ನು ಕಾಯ್ದುಕೊಂಡು ಬಂದವರು ಶ್ರೀಮತಿ ಪಟಾಲಮ್ಮನವರು.

ಅವರ ಕಾರ್ಯವೈಖರಿ ನನಗೆ ತಿಳಿದದ್ದು ತಡವಾಗಿ. ಪೂರ್ತಿ ತಿಳಿದಿದೆಯೆಂದು ಈಗಲೂ ಹೇಳಲಾರೆ. ನಮ್ಮ ಮ್ಯಾಟ್ನಿ ಮುಗಿಯುತ್ತಿದ್ದುದು ಐದೂವರೆಗೆ; ಬೀದಿ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದುದು ನಾಲ್ಕೂವರೆಗೆ. ನೀರಿನ ದಿನ ನಾಯಕಿ ಸಾಯಲಿ, ಬದುಕಲಿ, ಎಷ್ಟೋ ಹೆಂಗಸರು ನಡುವೆಯೇ ಎದ್ದು ಬಿಂದಿಗೆ ಹಿಡಿಯಲು ಓಡುತ್ತಿದ್ದರು. ಪಟಾಲಮ್ಮನವರು ಅವರ ಮುಖಗಳನ್ನು ನೆನಪಿಟ್ಟುಕೊಂಡು, ಮರುದಿನ ಇಂಟರ್‌ವಲ್ಲಿಗೆ ಹೊಸ ಟಿಕೆಟ್ಟು ಕೇಳದೆ ಒಳಗೆ ಬಿಡುತ್ತಿದ್ದರು. ಇದು ಮಾಲೀಕರಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ.

೧೯೬೧ರ ಒಂದು ದಿನ ಮನರಂಜನಾ ತೆರಿಗೆಯ ಇನ್ಸ್‌ಪೆಕ್ಟರು ಇಂಟರ್‌ವಲ್ ಮುಗಿಯುತ್ತಲೇ ಬಂದು, ದೀಪ ಹಾಕಿಸಿ ತಲೆ ಎಣಿಸಿದರು. ಹರಿದ ಟಿಕೆಟ್ಟು ನಲವತ್ತು, ಕೂತ ಹೆಂಗಸರು ಐವತ್ತಮೂರು. ನಾನೂ ಎರಡು ಸಲ ಎಣಿಸಿದೆ, ಐವತ್ತಮೂರೇ. ಪುಕ್ಕಟೆ ಬಿಟ್ಟದ್ದೆಂದು ರುಜುವಾತಾದರೆ ಆ ಸಂಜೆಯೇ ಪಟಾಲಮ್ಮನವರ ಕೆಲಸ ಹೋಗುತ್ತಿತ್ತು; ಅವರ ಮನೆಯಲ್ಲಿ ದುಡಿಯುವವರು ಬೇರೊಬ್ಬರಿರಲಿಲ್ಲ.

“ಇವ್ರು ಮಿಕ್ಕಿದ್ದರ್ಧ ನೋಡಕ್ ಬಂದವ್ರೆ ಸಾಮಿ. ನೆನ್ನೆ ಟಿಕೀಟ್ ತಗೊಂಡೇ ಬಂದಿದ್ರು,” ಎಂದರು ಪಟಾಲಮ್ಮನವರು.

“ಅದಕ್ಕೇನ್ರೀ ಸಾಕ್ಷಿ?” ಎಂದರು ಇನ್ಸ್‌ಪೆಕ್ಟರು.

“ಈ ಜೈಬುನ್ನೀಸಮ್ಮ ಮದ್ವೆ ನಿಂತೋದಾಗ ಎದ್ದೋದ್ರು. ಆ ವರಲಕ್ಷ್ಮಮ್ಮ ಇನ್ನೂ ಮುಂಚೆ, ಅತ್ತೆ ಕಾಗ್ದ ಸುಟ್ಟಾಗ.”

“ಅಯ್ಯೋ, ಮದ್ವೆ ನಿಂತೋಯ್ತದಾ?” ಎಂದು ಅಂದೇ ಟಿಕೆಟ್ಟು ಕೊಂಡು ಬಂದಿದ್ದ ಮಾರಮ್ಮನೆಂಬಾಕೆ ಚೀರಿದಳು. “ಮುಂದಿಂದೆಲ್ಲ ಈಗ್ಲೇ ಯಾಕಮ್ಮ ಏಳ್ತೀಯ!”

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. “ಮ್ಯಾನೇಜರೇ, ಇವರಿಗೆ ಟಿಕೆಟ್ ಇದೆಯೋ ಇಲ್ವೋ? ಒಂದೇ ಮಾತಲ್ಲಿ ಹೇಳಿ.”

ಒಂದು ಟಿಕೆಟ್ಟಿಗೆ ಒಂದು ಚಿತ್ರವೆಂದರೆ ಅವರು ನೋಡುತ್ತಿದ್ದುದು ಒಂದೇ ಚಿತ್ರ. ಒಂದು ಟಿಕೆಟ್ಟಿಗೆ ಒಂದು ಆಟವೆಂದರೆ ಅವರು ಬಂದದ್ದು ಎರಡು ಆಟಕ್ಕೆ. ಪಟಾಲಮ್ಮನವರು ನನ್ನತ್ತ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಆಕೆ ನನ್ನನ್ನು ಬೇಡಿಕೊಳ್ಳಲಿಲ್ಲವೆಂಬುದೇ ನನಗೆ ನಾಚಿಕೆ ತಂದಿತು.

“ಇದೆ ಸಾರ್,” ಎಂದುಬಿಟ್ಟೆ.

ಇನ್ಸ್‌ಪೆಕ್ಟರು ಬಹಳ ಹೊತ್ತು ತಲೆ ಕೆರೆದುಕೊಂಡು, ಎಣಿಕೆ ಸರಿಯಿದೆಯೆಂದು ಬರೆದು ಹೊರಟುಹೋದರು. ಉಪಕಾರವಾಯಿತೆಂಬ ಮಾತು ಪಟಾಲಮ್ಮನವರಿಂದ ಬರಲಿಲ್ಲ. “ಬಿರ್ನೆ ದೀಪ ಆರ್ಸಿ ಸಾಮಿ. ಇವತ್ತೂ ಮುಗೀದಿದ್ರೆ, ನಾಳೆ ನೀರಿನ್ ದಿನ,” ಎಂದು ನನ್ನನ್ನೇ ಗದರಿದರು.

ನಾನಂದು ಹೇಳಿದ್ದು ನಿಜವೋ ಸುಳ್ಳೋ ಎಂಬುದು ಎಂಟು ವರ್ಷವಾದರೂ ಬಗೆಹರಿದಿಲ್ಲ. ಶ್ರೀಮತಿ ಪಟಾಲಮ್ಮನವರಿಗೆ ದೇವರು ನೂರು ವರ್ಷದ ಆಯುಸ್ಸನ್ನೂ ಗಟ್ಟಿ ಕಾಲನ್ನೂ ಕೊಡಲಿ. ಮನೆಯಲ್ಲಿ ಕೂರದೆ ಬಂದು, ಗೇಟಿಗೆ ಬಂದಿರುವ ಹೊಸಬಳಿಗೆ ಮುಖ ಗುರುತಿಡುವುದನ್ನು ಕಲಿಸಲಿ. ಅವರು ಬಂದಾಗ, ಈಕೆಗೆ ಟಿಕೆಟ್ ಇದೆಯೇ ಎಂದು ಯಾವ ಇನ್ಸ್‌ಪೆಕ್ಟರು ಕೇಳಿದರೂ, ನಾನು ಈ ಸಲ ಯೋಚಿಸುವುದಿಲ್ಲ.